ಮನೆಯೊಳಗಿನ ಪರಾವಲಂಬಿ ಕಣಜ: ಲೆನ್ಸೋ, ಐನ್ಯಾಚುರಲಿಸ್ಟೋ, ಸೂಕ್ಷ್ಮದರ್ಶಕವೋ?

ಬಚ್ಚಲ ಗೋಡೆಯ ಮೇಲೆ ಕಂಡ ಕಪ್ಪು ಹುಳು ಯಾವ ಪರಾವಲಂಬಿ ಕಣಜ (ಬೇರೆ ಕೀಟಗಳ ಮೊಟ್ಟೆ, ಮರಿಗಳನ್ನು ತಿಂದು ಬೆಳೆಯುವ ಕಣಜ) ಎಂದು ತಿಳಿಯಲು ಫೋಟೊ ನೋಡಿ ಹೆಸರು ಊಹಿಸುವ ಗೂಗಲ್ ಲೆನ್ಸ್ ಸಾಕೇ, ಜನ ಜೀವಿಗಳ ಫೋಟೊ ಹಾಕಿ ಗುರುತು ಕೇಳುವ ತಾಣವಾದ ಐನ್ಯಾಚುರಲಿಸ್ಟ್‌ಗೆ ಹಾಕಬೇಕೇ ಎಂದು ಕೇಳಿದ್ದೀರಿ.

ಬೇಗ ಉತ್ತರ ಬೇಕಿದ್ದರೆ ಲೆನ್ಸ್. ಕ್ಷಣದಲ್ಲಿ ಹೇಳುತ್ತದೆ, ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಐನ್ಯಾಚುರಲಿಸ್ಟ್‌ನಲ್ಲಿ ಯಂತ್ರದ ಊಹೆಯನ್ನು ಬಲ್ಲವರು ತಿದ್ದುತ್ತಾರೆ. ಆದರೆ ಕಾಯಬೇಕು, ಕೆಲವೊಮ್ಮೆ ಯಾರೂ ತಿರುಗಿ ನೋಡುವುದಿಲ್ಲ. ಎರಡಕ್ಕೂ ಕಾಸಿಲ್ಲ. ಮನೆಯೊಳಗಿನ ಫೋಟೊ ಆದ್ದರಿಂದ ಐನ್ಯಾಚುರಲಿಸ್ಟ್‌ನಲ್ಲಿ ಸ್ಥಳವನ್ನು ಮಸುಕಾಗಿಸುವ ಆಯ್ಕೆ ಬಳಸಿ.

ನಿಜವಾದ ವ್ಯತ್ಯಾಸ ಹುಳುವಿನ ಗಾತ್ರದಲ್ಲಿದೆ. ಜಿರಳೆಯ ಮೊಟ್ಟೆಚೀಲದಲ್ಲಿ ಬೆಳೆಯುವ ಇವಾನಿಯಾ ಅಪೆಂಡಿಗ್ಯಾಸ್ಟರ್ ಎಂಬ ಕಣಜ ಸುಮಾರು 7 ಮಿ.ಮೀ. ಇರುತ್ತದೆ. ಎದೆಯ ಮೇಲ್ಭಾಗದಿಂದ ಹೊರಟ ಸಣ್ಣ ತೊಟ್ಟಿನ ತುದಿಯಲ್ಲಿ ಅದರ ಪುಟ್ಟ ಚಪ್ಪಟೆ ಹೊಟ್ಟೆ ಬಾವುಟದಂತೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಪಕ್ಕದಿಂದ ತೆಗೆದ ಸ್ಪಷ್ಟ ಫೋಟೊ ಇದ್ದರೆ ಇದಕ್ಕೆ ಲೆನ್ಸ್ ಸಾಕು. ಮೇಲಿನಿಂದ ತೆಗೆದರೆ ಆ ತೊಟ್ಟು ರೆಕ್ಕೆಯಡಿ ಮರೆಯಾಗುತ್ತದೆ. ಅಂದ ಹಾಗೆ, ಅದನ್ನು ಹೊಡೆಯಬೇಡಿ, ಜಿರಳೆ ಎಲ್ಲಿದೆ ಎಂದು ಹುಡುಕಿ.

ಅಕ್ಕಿ ಡಬ್ಬದಿಂದ ಹೊರಬರುವ 2 ಮಿ.ಮೀ. ಕಣಜಗಳ ಕಥೆಯೇ ಬೇರೆ. ಅಕ್ಕಿ ಹುಳುವಿನ ಮರಿಗಳನ್ನು ತಿಂದು ಬೆಳೆಯುವ ಇವುಗಳನ್ನು ಮೊಬೈಲ್ ಫೋಟೊ ನೋಡಿ ಕುಟುಂಬದ (ಹತ್ತಿರದ ಸಂಬಂಧಿ ಪ್ರಭೇದಗಳ ದೊಡ್ಡ ಗುಂಪು) ಮಟ್ಟಕ್ಕೆ ತಂದರೇ ದೊಡ್ಡದು. ಅದಕ್ಕೂ ಐನ್ಯಾಚುರಲಿಸ್ಟ್‌ನ ಅನುಭವಿ ಕಣ್ಣುಗಳೇ ಬೇಕು. ಪ್ರಭೇದದ ಹೆಸರೇ ಬೇಕೆಂದರೆ ಸತ್ತ ಹುಳುವನ್ನು ಆಲ್ಕೋಹಾಲಿನಲ್ಲಿಟ್ಟು ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಲ್ಲಿ ಸೂಕ್ಷ್ಮದರ್ಶಕದಡಿ ನೋಡಲು ಕೇಳಬೇಕು, ಓಡಾಟ ತಪ್ಪದು. ಅಕ್ಕಿಯನ್ನು ಜರಡಿ ಹಿಡಿದು ಡಬ್ಬ ತೊಳೆಯುವುದಷ್ಟೇ ಉದ್ದೇಶವಾದರೆ ಕುಟುಂಬದ ಹೆಸರೇ ಧಾರಾಳವಾಯಿತು.