ಎರರ್ ಬಾರದ ಇಂಪೋರ್ಟ್ ನಂಬಬೇಡಿ: ಟೆಸ್ಟ್‌ನಲ್ಲಿದ್ದ ಕನ್ನಡ ಹೆಸರು ಪ್ರೊಡಕ್ಷನ್‌ನಲ್ಲಿ ಅಳಿಸಿಹೋಯಿತು

ಕನ್ನಡ ಹೆಸರುಗಳಿರುವ ಪಟ್ಟಿಯನ್ನು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ಗೆ ಹಾಕಿಸುವವರು ದಯವಿಟ್ಟು ಓದಿ. 'ಟೆಸ್ಟ್‌ನಲ್ಲಿ ಎಲ್ಲಾ ಓಕೆ ಸಾರ್' ಅಂದ ಮಾತ್ರಕ್ಕೆ ಪ್ರೊಡಕ್ಷನ್ (ದಿನನಿತ್ಯದ ಅಸಲಿ ಕೆಲಸ ನಡೆಯುವ ಸರ್ವರ್) ಮುಟ್ಟಲು ಬಿಡಬೇಡಿ.

ನಮ್ಮ ಪತ್ತಿನ ಸಹಕಾರ ಸಂಘದಲ್ಲಿ ಸದಸ್ಯರ ಹೆಸರು ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ಬದಲಿಸಲು ಸಾಫ್ಟ್‌ವೇರ್‌ನವರು ರಾತ್ರಿ ಇಂಪೋರ್ಟ್ ಮಾಡಿದರು. ಒಂದೂ ಎರರ್ ಇಲ್ಲ, ಪರದೆ ಮೇಲೆ 'ಯಶಸ್ವಿ' ಅಂತ ಬಂತು. ಬೆಳಗ್ಗೆ ಪಾಸ್‌ಬುಕ್ ಪ್ರಿಂಟ್‌ಗೆ ಕೊಟ್ಟರೆ 'ಲಕ್ಷ್ಮೀ' ಇರಬೇಕಾದಲ್ಲಿ ??????? ಇತ್ತು. ಕೌಂಟರ್ ಮುಂದಿದ್ದ ಅಜ್ಜಿ "ನನ್ ಹೆಸ್ರು ತೆಗ್ದುಬಿಟ್ರಾ ಸಾರ್?" ಅಂತ ಗಾಬರಿಯಿಂದ ಕೇಳಿದರು.

ಆ ಪ್ರಶ್ನೆಚಿಹ್ನೆಗಳನ್ನು ಎಣಿಸಿ ನೋಡಿ, ಏಳಿವೆ. 'ಲಕ್ಷ್ಮೀ' ಕಣ್ಣಿಗೆ ಎರಡೇ ಅಕ್ಷರ, ಆದರೆ ಕಂಪ್ಯೂಟರಿನ ಅಕ್ಷರ ಸಂಕೇತಗಳ ಪಟ್ಟಿಯಾದ ಯುನಿಕೋಡ್‌ನಲ್ಲಿ ಏಳು ಸಂಕೇತ: ಲ, ಕ, ವಿರಾಮ (ಸ್ವರ ತೆಗೆಯುವ ಚಿಹ್ನೆ), ಷ, ವಿರಾಮ, ಮ, ದೀರ್ಘ ಈಕಾರ. ಒಂದೊಂದರ ಜಾಗದಲ್ಲೂ ಡೇಟಾಬೇಸ್ ನಿಜವಾಗಿಯೇ '?' ಬರೆದಿಟ್ಟಿದೆ. ಫಾಂಟ್ ಬದಲಿಸಿದರೂ ಹೆಸರು ವಾಪಸ್ ಬರುವುದಿಲ್ಲ. ತಲೆ ಮೇಲೆ ಗೀಟಿರುವ ಇಂಗ್ಲಿಷ್ 'ಎ'ಗಳು ಸಾಲಾಗಿ ಕಂಡರೆ ಅದು ಬೇರೆ ಕಥೆ. ಬೈಟ್‌ಗಳು ಉಳಿದಿರುತ್ತವೆ, ಬಹುಪಾಲು ಸರಿಪಡಿಸಬಹುದು.

ಕಾರಣ ಆಮೇಲೆ ಸಿಕ್ಕಿತು. ಟೆಸ್ಟ್ ಸರ್ವರ್‌ನಲ್ಲಿದ್ದದ್ದು ಮೈಎಸ್‌ಕ್ಯೂಎಲ್ 8.0. ಅಲ್ಲಿ ಹೊಸ ಟೇಬಲ್ ಮಾಡಿದರೆ ತಾನಾಗಿಯೇ ಯುಟಿಎಫ್8ಎಂಬಿ4 ಎಂಬ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬರೆದಿಡುವ ಪದ್ಧತಿ), ಕನ್ನಡಕ್ಕೆ ಅಡ್ಡಿಯಿಲ್ಲ. ಪ್ರೊಡಕ್ಷನ್‌ನಲ್ಲಿ 5.7; ಅಲ್ಲಿನ ಟೇಬಲ್‌ಗಳು ಲ್ಯಾಟಿನ್1, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಇಷ್ಟೇ ಆಗಿದ್ದರೆ 1366 ನಂಬರಿನ ಎರರ್ ಬಂದು ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು, ಯಾರಿಗೂ ನಷ್ಟವಿರಲಿಲ್ಲ. ಆದರೆ ಹಳೆಯ ಸಾಫ್ಟ್‌ವೇರ್ ಓಡಲಿ ಅಂತ ಸ್ಟ್ರಿಕ್ಟ್ ಮೋಡ್ (ತಪ್ಪು ಡೇಟಾ ಬಂದರೆ ಎರರ್ ಕೊಟ್ಟು ತಡೆಯುವ ಸೆಟ್ಟಿಂಗ್) ಆಫ್ ಮಾಡಿಟ್ಟಿದ್ದರು. ಎರರ್ ಆಗಬೇಕಾದ್ದು ವಾರ್ನಿಂಗ್ ಆಯಿತು, ಅದನ್ನು ಯಾರೂ ತೆರೆದು ನೋಡಲಿಲ್ಲ. ಗ್ರಾಹಕರ ದುಡ್ಡಿನ ಲೆಕ್ಕವಿರುವ ಸರ್ವರ್‌ನಲ್ಲಿ ಹೀಗೆ ಮಾಡುವುದು ಅಕ್ಷಮ್ಯ ಅಂತಲೇ ನನ್ನ ಅಭಿಪ್ರಾಯ. ಡೇಟಾ ಸೇರಿಸಲು 'ಇನ್ಸರ್ಟ್ ಇಗ್ನೋರ್' ಆಜ್ಞೆ ಬಳಸುವವರೂ ಹುಷಾರು, ಅದು ಸ್ಟ್ರಿಕ್ಟ್ ಮೋಡ್ ಇದ್ದರೂ ಎರರನ್ನು ವಾರ್ನಿಂಗ್‌ಗೆ ಇಳಿಸುತ್ತದೆ.

ಟೆಸ್ಟ್ ಮಾಡುವುದಾದರೆ ಪ್ರೊಡಕ್ಷನ್‌ನ ಟೇಬಲ್ ರಚನೆಯನ್ನೇ ತಂದು, ಅದೇ ಆವೃತ್ತಿ, ಅದೇ ಎಸ್‌ಕ್ಯೂಎಲ್ ಮೋಡ್ (ಸ್ಟ್ರಿಕ್ಟ್ ಮೋಡ್ ಇದರಲ್ಲೇ ಬರುತ್ತದೆ) ಇಟ್ಟು ಮಾಡಿಸಿ. 'ಶೋ ಕ್ರಿಯೇಟ್ ಟೇಬಲ್' ಕೊಟ್ಟರೆ ಎರಡೂ ಕಡೆಯ ಕ್ಯಾರೆಕ್ಟರ್ ಸೆಟ್ ಕಣ್ಣಿಗೇ ಕಾಣುತ್ತದೆ. ಇಂಪೋರ್ಟ್ ಮುಗಿದ ತಕ್ಷಣ, ಬೇರೆ ಆಜ್ಞೆ ಕೊಡುವ ಮೊದಲೇ, 'ಶೋ ವಾರ್ನಿಂಗ್ಸ್' ನೋಡಲು ಹೇಳಿ. ಟೆಸ್ಟ್ ಸರ್ವರ್‌ನಲ್ಲಿ ವಿಂಡೋಸ್, ಪ್ರೊಡಕ್ಷನ್‌ನಲ್ಲಿ ಲಿನಕ್ಸ್ ಇದ್ದರೆ ಟೇಬಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರದಲ್ಲೂ ಎಡವಟ್ಟಾಗುತ್ತದೆ.

ನಮ್ಮಲ್ಲಿ ಹಿಂದಿನ ದಿನದ ಬ್ಯಾಕಪ್ ಇತ್ತು, ಇಡೀ ಡೇಟಾಬೇಸ್ ಹಿಂದಕ್ಕೆ ಹಾಕಿದರು. ಅಷ್ಟರಲ್ಲಿ ಕಟ್ಟಿದ್ದ ಪಿಗ್ಮಿ ಮತ್ತು ಸಾಲದ ಕಂತುಗಳನ್ನೆಲ್ಲ ರಸೀದಿ ನೋಡಿ ಮತ್ತೆ ಎಂಟ್ರಿ ಮಾಡಬೇಕಾಯಿತು. ಸದಸ್ಯರ ಟೇಬಲ್‌ನದೊಂದು ಪ್ರತಿ ಬೇರೆ ತೆಗೆದಿಟ್ಟಿದ್ದರೆ ಅದೊಂದನ್ನೇ ಹಿಂದಿರುಗಿಸಬಹುದಿತ್ತು. ಇಂಪೋರ್ಟ್ ಶುರುವಾಗುವ ಮೊದಲೇ ಆ ಪ್ರತಿ ಕೇಳಿ ತೆಗೆಸಿ.