ಕಾರವಾರದ ಲ್ಯಾಬಿಗೆ ಯಾವ ದ್ರವಸ್ಫಟಿಕ: ಎಂಬಿಬಿಎಯೋ, 5ಸಿಬಿಯೋ?

ದ್ರವಸ್ಫಟಿಕವೆಂದರೆ ದ್ರವದಂತೆ ಹರಿದರೂ ಅಣುಗಳು ಒಂದೇ ದಿಕ್ಕಿಗೆ ಸಾಲುಗೊಂಡಿರುವ ವಸ್ತು; ಎಂಬಿಬಿಎ, 5ಸಿಬಿ ಅಂಥ ಎರಡು ರಾಸಾಯನಿಕಗಳು. ಕರಾವಳಿಯಲ್ಲಿ ಮೊದಲು ನೋಡಬೇಕಾದದ್ದು ಬೆಲೆಯಲ್ಲ, ಗಾಳಿಯ ತೇವ. ಎಂಬಿಬಿಎ ಅಣುವಿನ ಎರಡು ಬೆಂಜೀನ್ ಉಂಗುರಗಳ ನಡುವೆ ಇಂಗಾಲ–ಸಾರಜನಕ ಜೋಡಿಬಂಧವಿದೆ. ನೀರು ತಾಗಿದರೆ ಮುರಿಯುವುದು ಅದೇ. ಮಳೆಗಾಲದಲ್ಲಿ ಬಾಟಲಿಯ ಮುಚ್ಚಳ ಸಡಿಲವಾಗಿದ್ದರೆ, ಸುಮಾರು 47 ಡಿಗ್ರಿಗೆ ತಿಳಿಯಾಗಬೇಕಾದ (ಅಂದರೆ ಅಣುಗಳ ಸಾಲು ಕೆಟ್ಟು ಸಾಮಾನ್ಯ ದ್ರವವಾಗಬೇಕಾದ) ಮಬ್ಬು ದ್ರವ ದಿನಕಳೆದಂತೆ ಅದಕ್ಕಿಂತ ಕೆಳಗೇ ತಿಳಿಯಾಗತೊಡಗುತ್ತದೆ. 5ಸಿಬಿಯಲ್ಲಿ ಉಂಗುರಗಳು ನೇರವಾಗಿ ಬೆಸೆದಿವೆ, ತೇವಕ್ಕೆ ಜಗ್ಗುವುದಿಲ್ಲ. ತುದಿಯ ಸಯನೊ ಗುಂಪಿನಿಂದಾಗಿ ಅಣು ವಿದ್ಯುತ್ ಕ್ಷೇತ್ರದ ಗುಂಟ ನಿಲ್ಲುತ್ತದೆ; ತಿರುಚು ಕೋಶಕ್ಕೆ (ಎರಡು ಗಾಜುಗಳ ನಡುವೆ ಅಣುಸಾಲು ತಿರುಚಿಕೊಂಡಿರುವ ತೆಳುಪದರಕ್ಕೆ) ಬೇಕಾದದ್ದೂ ಅದೇ. ಎಂಬಿಬಿಎ ಅಡ್ಡ ತಿರುಗುತ್ತದೆ.

ಆದರೆ 5ಸಿಬಿ 35 ಡಿಗ್ರಿಗೇ ತಿಳಿ. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಕೋಣೆಯಲ್ಲಿ, ಬಲ್ಬಿನ ಬಿಸಿಯೂ ಸೇರಿ, ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೋಸುವ, ಒಂದಕ್ಕೊಂದು ಅಡ್ಡಲಾಗಿಟ್ಟ ಪೋಲರಾಯ್ಡ್‌ಗಳ ನಡುವೆ ಕೋಶ ಕಪ್ಪಾದರೆ ಮಾಲು ಕೆಟ್ಟಿಲ್ಲ, ಕಾದಿದೆ ಅಷ್ಟೆ. ಶಿರಸಿಯ ಚಳಿಗೆ ಎರಡೂ ಹರಳುಗಟ್ಟಬಹುದು. ಆದರೂ 5ಸಿಬಿಯೇ ಲೇಸು. ಬೇಸಿಗೆಗೆ ಇ7, ಅಂದರೆ 5ಸಿಬಿಗೆ ಅದರಂಥ ಬೇರೆ ಅಣುಗಳನ್ನು ಬೆರೆಸಿದ, ಇನ್ನೂ ಹೆಚ್ಚಿನ ಬಿಸಿಗೆ ತಿಳಿಯಾಗುವ ಮಿಶ್ರಣ.