ವಾದ್ಯವೃಂದದ ಹಳೆಯ ಹಾರ್ಮೋನಿಯಂ ಮತ್ತೆ ನುಡಿಯಿತು

ಕಾಸರಗೋಡು ಪೇಟೆಯ ಪುಟ್ಟ ದುರಸ್ತಿ ಅಂಗಡಿಯೊಂದಕ್ಕೆ ನಮ್ಮೂರ ಹವ್ಯಾಸಿ ವಾದ್ಯವೃಂದದ ಹಾರ್ಮೋನಿಯಂ ಒಯ್ದಿದ್ದೆವು. ಭಜನಾ ಮಂದಿರದ ಜಗಲಿಯಲ್ಲಿ ಆರಂಭವಾಗಿ, ಕನ್ನಡ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಬೆಳೆದ ಈ ತಂಡಕ್ಕಾಗಿ ಹಿರಿಯರು ಚಂದಾ ಎತ್ತಿ ಕೊಂಡ ಮೊದಲ ವಾದ್ಯವದು. 1940ರಿಂದ 1971ರವರೆಗೆ ಆಕಾಶವಾಣಿಯು ಹಾರ್ಮೋನಿಯಂ ಅನ್ನು ಪ್ರಸಾರದಿಂದ ಹೊರಗಿಟ್ಟಿದ್ದಾಗಲೂ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ, ನಮ್ಮ ಕಡೆಯ ಭಜನೆ, ನಾಟಕಗಳ ಕನ್ನಡ ಹಾಡುಗಳಿಗೆ ಜೊತೆಯಾದದ್ದು ಇಂಥ ಪೆಟ್ಟಿಗೆಗಳೇ.

ಕರಾವಳಿಯ ತೇವಕ್ಕೆ ಗಾಳಿಗೆ ಕಂಪಿಸಿ ಸ್ವರ ಹೊಮ್ಮಿಸುವ ಹಿತ್ತಾಳೆಯ ತೆಳು ಪಟ್ಟಿಗಳಾದ ರೀಡುಗಳು ಕಿಲುಬು ಹಿಡಿದು, ಗಾಳಿಯೂಡುವ ತಿದಿಯ ಮಡಿಕೆಗಳು ಸೀಳಿದ್ದವು. ಅಂಗಡಿಯವರು ಒಂದೊಂದೇ ರೀಡನ್ನು ಬಿಚ್ಚಿ ಶುಚಿಗೊಳಿಸಿ, ಸ್ವರ ಇಳಿದಿದ್ದರೆ ತುದಿಯನ್ನೂ ಏರಿದ್ದರೆ ಬುಡವನ್ನೂ ಹದವಾಗಿ ಕೆರೆದು, ಪ್ರತಿ ಸಲವೂ ಕಿವಿಗೊಟ್ಟು ಪರೀಕ್ಷಿಸಿದ ರೀತಿ ಗೌರವ ಹುಟ್ಟಿಸುವಂಥದ್ದು. ಎಲ್ಲ ರೀಡುಗಳನ್ನೂ ಬದಲಿಸಿ ಕೈತೊಳೆದುಕೊಳ್ಳುವುದು ಅವರಿಗೆ ಸುಲಭವಿತ್ತು. ಹಳೆಯ ನಾದ ಉಳಿಯಬೇಕೆಂಬ ಕಾಳಜಿಯಿಂದ ಹಾಗೆ ಮಾಡಲಿಲ್ಲ. ಮಜೂರಿ ನ್ಯಾಯವಾಗಿದೆ. ಹೇಳಿದ ದಿನಕ್ಕೆ ವಾದ್ಯ ಕೈಸೇರಲಿಲ್ಲವೆಂಬುದೊಂದೇ ಕೊರತೆ. ಆದರೆ ಕರ್ಕಶವಾಗಿದ್ದ ಮಂದ್ರ ಸಪ್ತಕ (ತಗ್ಗಿನ ಸ್ವರಗಳ ಸಾಲು) ಈಗ ತುಂಬು ದನಿಯಲ್ಲಿ ನುಡಿಯುತ್ತಿದೆ. ಯಕ್ಷಗಾನದ ಶ್ರುತಿಪೆಟ್ಟಿಗೆ ಇರುವವರೂ ಧೈರ್ಯವಾಗಿ ಇಲ್ಲಿಗೆ ಒಯ್ಯಬಹುದು. ಕಾರ್ಯಕ್ರಮಗಳ ದಟ್ಟಣೆ ಶುರುವಾಗುವ ಮೊದಲೇ ಕೊಡುವುದು ಒಳ್ಳೆಯದು.